ಮಾತಾಡಿದ ಬಾಯೇ ಹಾಡಲಿ

ರಂಗರೂಪ ಬರೆದು ನನಗೆ ತೋರಿಸಲು ಬರುವ ಹುಡುಗರಿಗೆ ಈಗೀಗ ಜೋಹಾನ್ಸ್‌ಬರ್ಗ್ ಮೇಲೆ ಪ್ರೀತಿ ಜಾಸ್ತಿ. 1950ರ ದಶಕದಲ್ಲಿ ಅಲ್ಲಿದ್ದ, ಹೆಚ್ಚಾಗಿ ಕಪ್ಪು ಜನರ ಬಡಾವಣೆಯಾದ ಸೋಫಿಯಾಟೌನ್, ‘ಡ್ರಮ್’ ಪತ್ರಿಕೆಯ ಕಥೆಗಳು, ಅಂಥ ಬಡಾವಣೆಗಳ (ಟೌನ್‌ಶಿಪ್) ಪುಂಡರಾಡುವ ತ್ಸೋತ್ಸಿತಾಲ್. ಆಫ್ರಿಕಾನ್ಸ್ ಜೊತೆ ಜುಲು, ಸೋತೋ, ಇಂಗ್ಲಿಷ್ ಎಲ್ಲ ಕಲಸಿದ ಮಾತು ಅದು. ಕಥೆ ಚಿಕ್ಕದು, ಹಾಡು ಸೇರಿಸಿದರೆ ಎರಡು ಗಂಟೆ ಆಗುತ್ತೆ ಅನ್ನೋದು ಅವರ ಲೆಕ್ಕ.

ಸಂಭಾಷಣೆಗೆ ನಮ್ಮ ಗಲ್ಲಿಯ ಮಾತು ಹುಡುಕಿ ಚೆನ್ನಾಗಿಯೇ ಬರೆದಿರುತ್ತಾರೆ. ಎಡವೋದು ಹಾಡಿನಲ್ಲಿ. ಒಂದು ರಿಹರ್ಸಲ್‌ಗೆ ಹೋಗಿದ್ದೆ. ಜೇಬುಗಳ್ಳನ ಪಾತ್ರದ ಹುಡುಗ ಗೋಡೆಗೆ ಒರಗಿ, ಅರ್ಧ ಮಾತು ನುಂಗಿಕೊಂಡು ಸೊಗಸಾಗಿ ಆಡುತ್ತಿದ್ದ. ಹಾರ್ಮೋನಿಯಂ ಶ್ರುತಿ ಕೊಟ್ಟಿತು ನೋಡಿ, ಬೆನ್ನು ನೆಟ್ಟಗಾಯಿತು, ಕೈ ಎದೆಗೆ ಬಂತು, ‘ಬರಿದಾಯಿತೇ ಬಾಳ ಬಟ್ಟಲು’ ಅಂತ ಶುರು ಮಾಡಿದ. ಜೇಬುಗಳ್ಳನಿಗೆ ಈ ಬಟ್ಟಲು ಎಲ್ಲಿ ಸಿಕ್ಕಿತಪ್ಪಾ?

ಕೇಳಿದರೆ, ‘ಸಾರ್, ಹಾಡಲ್ಲಿ ಸ್ವಲ್ಪ ಭಾವ ಬೇಡ್ವಾ?’ ಬೇಕು ಕಣಪ್ಪಾ. ಆದರೆ ಭಾವ ಅವನದ್ದಾಗಿರಬೇಕು. ಕಂಪನಿ ನಾಟಕದ ರಾಜ ಮಾತಾಡುವಾಗಲೂ ರಾಜನೇ, ಆ ಭಾಷೆ ಅವನಿಗೆ ಒಪ್ಪುತ್ತಿತ್ತು. ಇವನು ಮಾತಿನಲ್ಲಿ ಪುಂಡ, ಹಾಡಿನಲ್ಲಿ ಭಾವಗೀತೆ ಕವಿ. ನೋಡುವವರಿಗೆ ಎರಡು ಜನ ಕಾಣುತ್ತಾರೆ. ‘ಶುಕ್ರವಾರ ಸಂಬಳ, ಶನಿವಾರ ಸಾಲ’ ಅಂತಷ್ಟೇ ಹಾಡಿಸಿ. ಅಳು ಬೇಕಾದರೆ ಅದರಲ್ಲೇ ಬರುತ್ತೆ. ಸೋಫಿಯಾಟೌನನ್ನೇ ಕೆಡವಲು ಸರ್ಕಾರ 1955ರಲ್ಲಿ ಶುರು ಮಾಡಿತು ಅನ್ನೋದು ಓದಿಕೊಂಡ ನಮಗೆ ಗೊತ್ತು. ಅದಕ್ಕೂ ಮುಂಚಿನ ಕಥೆಯ ಪಾತ್ರ ಈಗಲೇ ಯಾಕೆ ಗೋಳಾಡಬೇಕು?

ರಾಗ ಹಾಕುವವರಿಗೆ ಒಂದು ಮಾತು. ಆ ಊರುಗಳ ಶೆಬೀನ್‌ಗಳಲ್ಲಿ, ಅಂದರೆ ಕಳ್ಳ ಹೆಂಡದ ಮನೆಗಳಲ್ಲಿ, ಮರಾಬಿ ಅನ್ನೋ ಕುಣಿತದ ಸಂಗೀತ ಬಾರಿಸುತ್ತಿದ್ದರು. ಮೂರ್ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಗಿಡ್ಡ ಸುತ್ತು, ಅದೇ ತಿರುಗಿ ತಿರುಗಿ ರಾತ್ರಿಯಿಡೀ. ತಾಳಕ್ಕೆ ಕಲ್ಲು ತುಂಬಿದ ಡಬ್ಬ. ಆ ಸುತ್ತಿನೊಳಗೆ ಉದ್ದ ಸಮಾಸ ಕೂರೋದೇ ಇಲ್ಲ, ಗಿಡ್ಡ ಮಾತು ತಾನಾಗಿ ಕೂರುತ್ತೆ. ಡಬ್ಬ ಒಂದು ಸಲ ಅಲ್ಲಾಡಿಸಿ ನೋಡಿ.

ಪಾತ್ರವನ್ನು ಅದರ ಮಾತಿನಲ್ಲೇ ಹಾಡಿಸೋದನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯವರು 1950ರಲ್ಲೇ ಮಾಡಿ ತೋರಿಸಿದ್ದಾರೆ. ‘ಗೈಸ್ ಅಂಡ್ ಡಾಲ್ಸ್’ ಅನ್ನೋ ಹಾಡಿನ ನಾಟಕ ಆ ಊರಿನ ಜೂಜುಕೋರರ ಆಡುಮಾತಿನ ಸಣ್ಣಕಥೆಗಳಿಂದ ಬಂದದ್ದು, 1,200 ಪ್ರಯೋಗ ಕಂಡಿತು. ಕಥೆಗಳಲ್ಲಿ ಹೆಸರಿಲ್ಲದ ಒಬ್ಬ ನಿರೂಪಕ ಇದ್ದ. ನಾಟಕದಲ್ಲಿ ಅವನಿಲ್ಲ, ಅವನ ಮಾತಿನ ಧಾಟಿಯನ್ನು ಎಲ್ಲ ಪಾತ್ರಗಳಿಗೂ ಹಂಚಿಬಿಟ್ಟಿದ್ದಾರೆ. ಅದರಲ್ಲಿ ಕ್ಲಬ್ಬಿನಲ್ಲಿ ಕುಣಿಯುವ ಒಬ್ಬಳಿದ್ದಾಳೆ. ನಿಶ್ಚಿತಾರ್ಥವಾಗಿ 14 ವರ್ಷ, ಮದುವೆಯಿಲ್ಲ. ವೈದ್ಯದ ಪುಸ್ತಕ ಓದುತ್ತಾ, ಕಟ್ಟಿದ ಮೂಗಲ್ಲೇ, ನೆಗಡಿ ಯಾಕೆ ಬಿಡುತ್ತಿಲ್ಲ ಅಂತ ಹಾಡುತ್ತಾಳೆ. ಪ್ರೀತಿ, ವಿರಹ ಅಂತ ರಾಗ ಎಳೆಯೋದಿಲ್ಲ. ಜನ ನಗುತ್ತಾರೆ, ಪಾಪ ಅಂತಲೂ ಅನ್ನಿಸುತ್ತೆ.

ಹಾಗಂತ ಎಲ್ಲ ಕಥೆಗೂ ಇದೇ ಸರಿ ಅಂತ ನಾನು ಹೇಳಲಾರೆ. ಪಾತ್ರ ಬೇಕೆಂದೇ ದೊಡ್ಡ ಭಾಷೆ ಆಡಿ ಜಂಬ ಕೊಚ್ಚಿಕೊಳ್ಳುವವನಾದರೆ ಬಟ್ಟಲು, ಬಾಳು ಎಲ್ಲ ಇರಲಿ, ಒಳ್ಳೇ ತಮಾಷೆಯಾಗುತ್ತೆ.

ಕಥೆಯ ಹಕ್ಕು ಯಾರ ಬಳಿ ಇದೆ ಅಂತ ಮೊದಲೇ ವಿಚಾರಿಸಿ. ಹಾಡು ಸೇರಿಸುತ್ತೇವೆ ಅನ್ನೋದನ್ನು ಪತ್ರದಲ್ಲೇ ಬಿಡಿಸಿ ಬರೆಯಿರಿ. ಉತ್ತರ ಕೈಗೆ ಬರೋವರೆಗೂ ಪೋಸ್ಟರ್ ಅಚ್ಚು ಹಾಕಿಸಬೇಡಿ.