ತಾತನ ಟ್ರಂಕಿನ ಐರನ್ ಕ್ರಾಸ್: ಅಸಲಿಯೋ, ನಕಲಿಯೋ?

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಸೇನೆಯ ಇಂಜಿನಿಯರಿಂಗ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರ ಹಳೇ ಟ್ರಂಕಿನಲ್ಲಿ ಐರನ್ ಕ್ರಾಸ್ ಅನ್ನುವ, ಕಪ್ಪು ಶಿಲುಬೆಯ ಜರ್ಮನ್ ಶೌರ್ಯ ಪದಕವೊಂದು ಸಿಕ್ಕಿದೆ. ಆಫ್ರಿಕಾದಲ್ಲಿ ಒಬ್ಬ ಜರ್ಮನ್ ಸೈನಿಕನ ಎದೆಯಿಂದ ಕಿತ್ತು ತಂದದ್ದು ಅಂತ ಅಜ್ಜಿ ಹೇಳುತ್ತಿದ್ದರು. ಇದು ಅಸಲಿಯೇ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು, ಅದನ್ನು ತೊಳೆಯಬೇಡಿ. ಹುಣಸೆಹಣ್ಣು, ಬ್ರಾಸೋ, ವಿಭೂತಿ ಯಾವುದೂ ಬೇಡ. ಆ ಮಾಸಲು ಬಣ್ಣವೇ ಅದರ ಜಾತಕ. ಉಜ್ಜಿದರೆ ಓದಲು ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಪದಕ ಬೇರೆ, ಅಜ್ಜಿಯ ಕತೆ ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಅಸಲಿ ಪದಕದ ಹಿಂದೆ ಸುಳ್ಳು ಕತೆ ಇರಬಹುದು, ನಿಜವಾದ ಕತೆಗೆ ನಕಲಿ ಪದಕ ಅಂಟಿಕೊಂಡಿರಬಹುದು. ಪಳಗಿದ ಸಂಗ್ರಹಕಾರರು ದುಡ್ಡು ಕೊಡುವುದು ವಸ್ತುವಿಗೆ, ಕತೆಗಲ್ಲ.

ಕತೆಯಿಂದಲೇ ಶುರು ಮಾಡೋಣ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಈ ಮದ್ರಾಸ್ ಸ್ಯಾಪರ್ಸ್ ಪಡೆಯವರು ಉತ್ತರ ಆಫ್ರಿಕಾದಲ್ಲಿ 4ನೇ ಭಾರತೀಯ ಡಿವಿಷನ್ ಜೊತೆಗಿದ್ದರು. 1943ರ ಮೇ 12ರಂದು ಟ್ಯುನೀಷಿಯಾದಲ್ಲಿ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ಇದೇ ಡಿವಿಷನ್ ಇದ್ದ ಕಡೆ. ಆ ತಿಂಗಳು ಸೆರೆಯಾದ ಜರ್ಮನ್ನರು, ಇಟಾಲಿಯನ್ನರು ಸೇರಿ ಎರಡು ಲಕ್ಷಕ್ಕೂ ಜಾಸ್ತಿ. ಹಾಗಾಗಿ ತಾತನ ಕೈಗೆ ಒಂದು ಪದಕ ಬಂದಿದ್ದರೆ ಆಶ್ಚರ್ಯವೇನಿಲ್ಲ. ಆದರೆ 'ಎದೆಯಿಂದ ಕಿತ್ತದ್ದು' ಅನ್ನುವ ಮಾತು ಸ್ವಲ್ಪ ಅನುಮಾನ. ನಿಮ್ಮ ಪದಕದ ಮೇಲುಗಡೆ ರಿಬ್ಬನ್ ಪೋಣಿಸುವ ಸಣ್ಣ ಬಳೆ ಇದ್ದರೆ, ರಿಬ್ಬನ್ ಇದ್ದರೆ ಅದು ಎರಡನೇ ದರ್ಜೆಯ ಐರನ್ ಕ್ರಾಸ್. ಅದನ್ನು ಸೈನಿಕರು ದಿನಾ ಎದೆಗೆ ತೂಗುಹಾಕಿಕೊಳ್ಳುತ್ತಿರಲಿಲ್ಲ. ಅಂಗಿಯ ಎರಡನೇ ಗುಂಡಿಯ ತೂತಿಗೆ ರಿಬ್ಬನ್ನಿನ ತುಂಡು ಮಾತ್ರ ಸಿಕ್ಕಿಸಿಕೊಂಡು, ಶಿಲುಬೆಯನ್ನು ಎತ್ತಿಡುತ್ತಿದ್ದರು. ಎದೆಗೆ ಪಿನ್ ಹಾಕಿಕೊಳ್ಳುತ್ತಿದ್ದದ್ದು ಮೊದಲ ದರ್ಜೆಯದು. ಸಿಗರೇಟ್ ಕೊಟ್ಟು ಪಡೆದದ್ದು ಮನೆಗೆ ಬರುವಷ್ಟರಲ್ಲಿ ಎದೆಯಿಂದ ಕಿತ್ತದ್ದಾಗಿರಬಹುದು. ತಾತಂದಿರು ಹಾಗೇ ಅಲ್ವಾ?

ಈಗ ಪದಕ. ಜರ್ಮನ್ನರ ಹಳೇ ರಾಜ್ಯವಾದ ಪ್ರಷ್ಯಾದ ದೊರೆ ಇದನ್ನು 1813ರಲ್ಲಿ ಹುಟ್ಟುಹಾಕಿದ. ಹಿಟ್ಲರ್ 1939ರ ಸೆಪ್ಟೆಂಬರ್ 1ರಂದು ಮತ್ತೆ ಶುರು ಮಾಡಿದ. ಆ ಮಾದರಿಯ ಮುಂಭಾಗದಲ್ಲಿ ನಾಜಿ ಸ್ವಸ್ತಿಕ, ಕೆಳಗೆ 1939. ಹಿಂಭಾಗದಲ್ಲಿ 1813 ಮಾತ್ರ. ರಿಬ್ಬನ್ ಕಪ್ಪು, ಬಿಳಿ, ಕೆಂಪು. ನಡುವಿನ ಕೆಂಪು ಪಟ್ಟಿ ಅಗಲ.

ಮುಂಭಾಗದ ನಡುವೆ ಸ್ವಸ್ತಿಕದ ಬದಲು ಮೂರು ಓಕ್ ಎಲೆ ಇದೆಯಾ? ಹಾಗಿದ್ದರೆ ಅದು 1957ರ ನಂತರದ್ದು. ಯುದ್ಧದ ಪದಕಗಳನ್ನು ಸ್ವಸ್ತಿಕ ತೆಗೆದು ಧರಿಸಬಹುದು ಅಂತ ಪಶ್ಚಿಮ ಜರ್ಮನಿ ಆ ವರ್ಷ ಕಾನೂನು ಮಾಡಿತು. ಹಳೇ ಸೈನಿಕರಿಗಾಗಿ ಹೊಸ ಮಾದರಿ ತಯಾರಾಯಿತು. ಅದೂ ಕಾನೂನುಬದ್ಧವಾದ ಪದಕವೇ, ನಕಲಿ ಅನ್ನಲಾಗದು. ಆದರೆ 1943ರಲ್ಲಿ ತಾತನ ಕೈಗೆ ಅದು ಬಂದಿರಲು ಸಾಧ್ಯವೇ ಇಲ್ಲ.

ಸ್ವಸ್ತಿಕ ಇದ್ದರೆ ಒಂದು ಭೂತಗನ್ನಡಿ ತನ್ನಿ. ಅಸಲಿ ಪದಕ ಮೂರು ತುಂಡಿನದು. ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತಿರುಳು, ಅದರ ಎರಡೂ ಕಡೆಯಿಂದ ಬೆಳ್ಳಿ ಬಣ್ಣದ ಚೌಕಟ್ಟಿನ ಎರಡು ಅರ್ಧ, ಅಂಚಿನಲ್ಲಿ ಬೆಸುಗೆ. ತಿರುಳೂ ಚೌಕಟ್ಟೂ ಸೇರುವಲ್ಲಿ ಕೂದಲೆಳೆಯಷ್ಟು ಸಂದು ಕಾಣಬೇಕು. ಚೌಕಟ್ಟಿನ ಮೇಲೆ ಅಚ್ಚೊತ್ತಿದ ಸಣ್ಣ ಗೀರುಗಳು ಚೂಪಾಗಿ, ಒಂದೇ ಅಂತರದಲ್ಲಿ ಇರಬೇಕು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದು, ಗೀರುಗಳು ಕರಗಿದ ಬೆಲ್ಲದಂತಿದ್ದರೆ ಅಲ್ಲಿಗೆ ಮುಗಿಯಿತು.

ಅಯಸ್ಕಾಂತದ ಪರೀಕ್ಷೆ ಎಲ್ಲರೂ ಹೇಳುತ್ತಾರೆ. ನಂಬಿ, ಆದರೆ ಪೂರ್ತಿ ನಂಬಬೇಡಿ. ಕಬ್ಬಿಣವಲ್ಲದ ತಿರುಳಿನ ಅಸಲಿಗಳೂ ಇವೆ, ಕಬ್ಬಿಣ ಹಾಕಿದ ನಕಲಿಗಳಂತೂ ಬೇಕಾದಷ್ಟು. ನಾನೇ ಒಮ್ಮೆ ಅಯಸ್ಕಾಂತ ಅಂಟಿತು ಅಂತ ಖುಷಿಯಾಗಿ ದುಡ್ಡು ಕೊಟ್ಟು ತಂದೆ. ರಾತ್ರಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದರೆ ರಿಬ್ಬನ್ ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಹಾಗೆ ಹೊಳೆಸುವ ರಾಸಾಯನಿಕ ಬಟ್ಟೆ, ಸೋಪುಗಳಲ್ಲಿ ಸಾಮಾನ್ಯವಾದದ್ದು ಯುದ್ಧ ಮುಗಿದ ಮೇಲೆ. ಆದರೂ ಇದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ. ನಿಮ್ಮ ಅಜ್ಜಿ ರಿಬ್ಬನ್ನನ್ನು ಒಮ್ಮೆ ಸೋಪಿನ ಪುಡಿಯಲ್ಲಿ ನೆನೆಸಿದ್ದರೆ ಅಸಲಿಯೂ ಹೊಳೆಯುತ್ತದೆ.

ಬಳೆಯ ಮೇಲೆ ಸಣ್ಣ ಸಂಖ್ಯೆ ಇದ್ದರೆ ಅದು ತಯಾರಕರ ಗುರುತು. ಉದಾಹರಣೆಗೆ 65 ಅಂದರೆ ಇಡಾರ್-ಓಬರ್‌ಸ್ಟೈನ್ ಊರಿನ ಕ್ಲೈನ್ ಉಂಡ್ ಕ್ವೆನ್ಸರ್. ಸಂಖ್ಯೆ ಇಲ್ಲದಿದ್ದರೆ ಗಾಬರಿ ಬೇಡ, ಗುರುತಿಲ್ಲದ ಅಸಲಿಗಳು ಎಷ್ಟೋ ಇವೆ.

ನಿಜವಾದ ತಲೆನೋವು ಬೇರೆ ಇದೆ. ಕೆಲವು ಕಾರ್ಖಾನೆಗಳು ಯುದ್ಧ ಮುಗಿದ ಮೇಲೂ ಹಳೇ ಅಚ್ಚುಗಳನ್ನು ಬಿಸಾಡಲಿಲ್ಲ. ವಿಯೆನ್ನಾದ ರುಡಾಲ್ಫ್ ಸೌವಲ್ ಕಂಪನಿ ಇದಕ್ಕೆ ಹೆಸರುವಾಸಿ. ನೇತಾಜಿ ಜರ್ಮನಿಯಲ್ಲಿದ್ದಾಗ ಸ್ಥಾಪಿಸಿದ ಆಜಾದ್ ಹಿಂದ್ ಪದಕಗಳನ್ನು ಮಾಡಿಕೊಟ್ಟದ್ದೂ ಇದೇ ಕಂಪನಿ. ಆ ಪದಕಗಳಿಗೂ ಯುದ್ಧದ ನಂತರ ಹೊಡೆದ ಪ್ರತಿಗಳಿವೆ. ಅಚ್ಚು ಅದೇ, ಕಾರ್ಖಾನೆ ಅದೇ, ಕಾಲ ಮಾತ್ರ ಬೇರೆ. ಇಂಥದ್ದನ್ನು ಫೋಟೋ ನೋಡಿ ಖಚಿತವಾಗಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಕೈಯಲ್ಲಿ ಹಿಡಿದು, ಬೆಸುಗೆ, ಬಣ್ಣ, ಅಚ್ಚಿನ ಸವೆತ ನೋಡಬೇಕು.

ಬೆಲೆ ಕೇಳಿ ಕನಸು ಕಾಣಬೇಡಿ. ಎರಡನೇ ದರ್ಜೆಯ ಪದಕವನ್ನು ಲಕ್ಷಗಟ್ಟಲೆ ಜನರಿಗೆ ಕೊಟ್ಟಿದ್ದರು. ಸುಮ್ನೆ ಮಾರುವುದಕ್ಕಿಂತ ಟ್ರಂಕನ್ನು ಇನ್ನೊಮ್ಮೆ ತಡಕಿ. ಜರ್ಮನ್ ಸೈನಿಕನ ವೇತನ ಪುಸ್ತಕ ಸಿಕ್ಕರೆ ಅದರಲ್ಲಿ ಅವನ ಹೆಸರೂ ಪಡೆದ ಪದಕಗಳೂ ಬರೆದಿರುತ್ತವೆ. ನಡುವೆ ಸೀಳುಗಳಿರುವ ಅಂಡಾಕಾರದ ತಗಡು ಸಿಕ್ಕರೆ ಅದು ಗುರುತಿನ ಬಿಲ್ಲೆ. ಸೈನಿಕ ಸತ್ತರೆ ಅರ್ಧ ಮುರಿದು ದಾಖಲೆಗೆ ಕಳಿಸುತ್ತಿದ್ದರು, ಉಳಿದರ್ಧ ಹೆಣದ ಜೊತೆ. ಅಂಥದ್ದು ಸಿಕ್ಕರೆ ಬರ್ಲಿನ್ನಿನಲ್ಲಿರುವ ಜರ್ಮನಿಯ ಸರ್ಕಾರಿ ಪತ್ರಾಗಾರದ ಶಾಖೆಗೆ ಬರೆಯಿರಿ. ಸೈನಿಕರ ಬಿಲ್ಲೆಗಳ ದಾಖಲೆ 2019ರಿಂದ ಅವರ ಬಳಿ ಇದೆ. ಅಲ್ಲಿ ಯಾರೋ ಇನ್ನೂ ಆ ಹೆಸರನ್ನು ಹುಡುಕುತ್ತಿರಬಹುದು.