ಕೆಮಿಸ್ಟ್ರಿ ಬಾಯಿಪಾಠ ಮಾಡೋ ಸಬ್ಜೆಕ್ಟಾ?

ಸೋಮವಾರಪೇಟೆ ಕಡೆಯ ತಾಯಿಯೊಬ್ಬರು ಕೇಳಿದ್ದಾರೆ: "ಮೇಡಂ, ಮಗಳು ಈ ಸಲ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಲೆಕ್ಕ ಚೆನ್ನಾಗೇ ಮಾಡ್ತಾಳೆ. ಆದ್ರೆ ಕೆಮಿಸ್ಟ್ರಿ ಪಾಠ ಬಂತು ಅಂದ್ರೆ ಈಕ್ವೇಶನ್‌ನ ಇಪ್ಪತ್ತಿಪ್ಪತ್ತು ಸಲ ಬರೆದು ಬಾಯಿಪಾಠ ಹೊಡೀತಾಳೆ, ಮಾರನೇ ದಿನ ಕೇಳಿದ್ರೆ ಮರ್ತೋಗಿರುತ್ತೆ. ಮುಂದೆ ಪಿಯುಸಿ ಸೈನ್ಸ್ ತಗೋಬೇಕು ಅಂತ ಅವಳಿಗೆ ಆಸೆ. ಇದು ಬಾಯಿಪಾಠ ಮಾಡೋ ಸಬ್ಜೆಕ್ಟೇನಾ?"

ಪ್ರತಿ ಜೂನ್‌ನಲ್ಲೂ ಯಾರಾದ್ರೂ ಒಬ್ರು ಈ ಪ್ರಶ್ನೆ ಕೇಳೇ ಕೇಳ್ತಾರೆ ಅಮ್ಮ. ಸ್ವಲ್ಪ ಬಾಯಿಪಾಠ ಇದೆ, ಇಲ್ಲ ಅನ್ನಲ್ಲ. ಮೊದಲ 20 ಧಾತುಗಳ ಹೆಸರು, ಸಂಕೇತ, ವೇಲೆನ್ಸಿ (ಒಂದು ಪರಮಾಣು ಬೇರೆಯವುಗಳ ಜೊತೆ ಎಷ್ಟು ಬಂಧ ಮಾಡುತ್ತೆ ಅನ್ನೋ ಲೆಕ್ಕ), ಇಷ್ಟು ಕಾಗುಣಿತ ಇದ್ದ ಹಾಗೆ, ಬಾಯಿಗೆ ಬರಲೇಬೇಕು. ತಾಮ್ರಕ್ಕೆ ಸಿಯು, ಕಬ್ಬಿಣಕ್ಕೆ ಎಫ್‌ಇ ಅಂತ ಯಾಕೆ ಬರೀತಾರೆ ಅಂತ ಮಕ್ಕಳು ತಲೆ ಕೆಡಿಸ್ಕೋತಾರೆ, ಅವು ಲ್ಯಾಟಿನ್‌ನ ಕ್ಯೂಪ್ರಮ್, ಫೆರ್ರಮ್ ಅನ್ನೋ ಹೆಸರಿಂದ ಬಂದಿದ್ದು ಅಂತ ಹೇಳಿದ್ರೆ ಅಲ್ಲಿಗೆ ಮುಗೀತು. ಹದಿನೈದು ದಿನದ ಕೆಲಸ ಇದು. ಆದ್ರೆ ಈಕ್ವೇಶನ್ ಬಾಯಿಪಾಠ ಮಾಡೋದು ಮಾತ್ರ ದಯವಿಟ್ಟು ನಿಲ್ಲಿಸಿ.

ನಮ್ಮ ಕೊಡಗಿನ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನ ಯಾರೂ ಬಳಸ್ಕೊಳ್ಳಲ್ಲ ಅನ್ನೋದೇ ನನಗೆ ಬೇಜಾರು. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲನೇ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಅದನ್ನ ಶುರು ಮಾಡೋ ಹೊತ್ತಿಗೂ, ಮಳೆ ಹಿಡಿಯೋ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯೋ ಹೊತ್ತಿಗೂ ಹೆಚ್ಚು ಅಂತರ ಇರಲ್ಲ. ನಿಮ್ಮದು ತೋಟ ಇಲ್ದಿದ್ರೂ ಪಕ್ಕದವರ ತೋಟದಲ್ಲಿ ನೋಡಿರ್ತೀರಿ. ಒಂದು ಕೆಜಿ ಮೈಲುತುತ್ತು (ಅಂದ್ರೆ ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ಗೆ, ಎರಡೂ ಪ್ಲಾಸ್ಟಿಕ್ ಡ್ರಮ್ಮಲ್ಲಿ, ಆಮೇಲೆ ಮೈಲುತುತ್ತಿನ ನೀರನ್ನ ಸುಣ್ಣದ ನೀರಿಗೆ ನಿಧಾನಕ್ಕೆ ಸುರೀತಾ ಕಲಕ್ತಾ ಹೋಗೋದು, ಆಕಾಶನೀಲಿ ಬಣ್ಣದ ಗಸಿ ಬರುತ್ತೆ. ಅದೇ ಒಂದು ಪರ್ಸೆಂಟ್ ಬೋರ್ಡೋ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ತೋಟದಲ್ಲಿ 1885ರ ಸುಮಾರಿಗೆ ಶುರುವಾದ ಔಷಧಿ ಇದು.

ಹೊಡೆಯೋ ಮುಂಚೆ ಹಿರಿಯರು ಒಂದು ಕೆಲಸ ಮಾಡ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣದ ಕತ್ತಿಯನ್ನ ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೀತಾರೆ. ಅಲಗಿನ ಮೇಲೆ ಕೆಂಪು ಕಂದು ಲೇಪ ಹತ್ತಿತ್ತು ಅಂದ್ರೆ "ಸುಣ್ಣ ಸಾಲ್ದು, ಇನ್ನೊಂಚೂರು ಹಾಕು" ಅಂತಾರೆ. ಆ ಕೆಂಪು ಏನು? ತಾಮ್ರ! ಕಬ್ಬಿಣಕ್ಕೆ ತಾಮ್ರಕ್ಕಿಂತ ಕ್ರಿಯಾಶೀಲತೆ ಜಾಸ್ತಿ, ಹಾಗಾಗಿ ಅದು ನೀರಿಗಿಳಿದು ತಾಮ್ರವನ್ನ ಹೊರಗೆ ತಳ್ಳುತ್ತೆ, ತಳ್ಳಿಸ್ಕೊಂಡ ತಾಮ್ರ ಕತ್ತಿಗೆ ಅಂಟುತ್ತೆ. ಪುಸ್ತಕದಲ್ಲಿ ಕಬ್ಬಿಣದ ಮೊಳೆ ಅದ್ದೋ ಚಟುವಟಿಕೆ ಇದ್ಯಲ್ಲ, ಸ್ಥಾನಪಲ್ಲಟ ಕ್ರಿಯೆ ಅಂತ, ಇದು ಅದೇ. ಸುಣ್ಣ ಸಾಕಷ್ಟು ಬಿದ್ದಿದ್ರೆ ತಾಮ್ರ ಆಗಲೇ ನೀಲಿ ಗಸಿಯೊಳಗೆ ಸೇರಿಕೊಂಡಿರುತ್ತೆ, ಕತ್ತಿಗೆ ಅಂಟೋಕೆ ನೀರಲ್ಲಿ ಉಳಿದಿರಲ್ಲ. ಆ ನೀಲಿ ಗಸಿ ಆಗಿದ್ದು ದ್ವಿಸ್ಥಾನಪಲ್ಲಟ (ಎರಡು ವಸ್ತು ತಮ್ಮ ಭಾಗಗಳನ್ನ ಅದಲುಬದಲು ಮಾಡ್ಕೊಳ್ಳೋದು), ಗಸಿಗೆ ಪುಸ್ತಕದ ಹೆಸರು ಪ್ರಕ್ಷೇಪ. ಇನ್ನು ಅದಕ್ಕೂ ಮೊದಲು ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದ್ದ ಹಾಗೆ ಬಿಸಿ ಆಗಿತ್ತಲ್ಲ, ಅದು ಸಂಯೋಗ ಕ್ರಿಯೆ (ಎರಡು ವಸ್ತು ಸೇರಿ ಒಂದಾಗೋದು), ಬಹಿರುಷ್ಣಕ, ಅಂದ್ರೆ ಶಾಖ ಹೊರಗೆ ಬಿಡೋದು. ಒಂದು ಬೆಳಗ್ಗೆ, ಎರಡು ಡ್ರಮ್ಮು, ಅರ್ಧ ಪಾಠ. ನಾನು ಓದುವಾಗ ನಮ್ಮ ಸ್ಕೂಲಿನ ಲ್ಯಾಬ್ ಬೀರುಗೆ ಯಾವಾಗ್ಲೂ ಬೀಗ, ಬೋರ್ಡ್ ಮೇಲಿನ ಪ್ರಯೋಗನ ಕಾಪಿ ಮಾಡಿದ್ದಷ್ಟೇ, ಅಪ್ಪನ ಕತ್ತಿ ಕೆಂಪಾಗೋದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಡಿಗ್ರಿಗೆ ಬಂದ್ಮೇಲೆ. (ಮಗಳು ದೂರ ನಿಂತು ನೋಡಲಿ, ಮೈಲುತುತ್ತು ವಿಷ, ಸುಣ್ಣ ಕಣ್ಣಿಗೆ ಹಾರಿದ್ರೆ ಅಪಾಯ. ಆ ಕತ್ತಿಯನ್ನ ಅಡುಗೆಮನೆಗೆ ತರಬೇಡಿ.)

ಇನ್ನು ಈಕ್ವೇಶನ್ ಬ್ಯಾಲೆನ್ಸ್ ಮಾಡೋದು ಅಂದ್ರೆ ಬರೀ ಜಮಾಖರ್ಚು. ಎಡಗಡೆ ಎಷ್ಟು ಪರಮಾಣು ಹೋಯ್ತೋ ಬಲಗಡೆ ಅಷ್ಟೇ ಬರಬೇಕು. ಮುಂದಿರೋ ನಂಬರ್ ಬದಲಾಯಿಸಬಹುದು, ಕೆಳಗಿರೋ ಚಿಕ್ಕ ನಂಬರ್ ಮುಟ್ಟೋ ಹಾಗಿಲ್ಲ. ಎಚ್‌ಟೂಓ ಅನ್ನ ಎಚ್‌ಟೂಓಟೂ ಮಾಡಿದ್ರೆ ಲೆಕ್ಕ ಸರಿಹೋದ ಹಾಗೆ ಕಾಣುತ್ತೆ, ಆದ್ರೆ ಅದು ಕುಡಿಯೋ ನೀರಲ್ಲ, ಗಾಯ ತೊಳೆಯೋ ಹೈಡ್ರೋಜನ್ ಪೆರಾಕ್ಸೈಡ್. ಲೆಕ್ಕ ಬರೋ ನಿಮ್ಮ ಮಗಳಿಗೆ ಇದು ಎರಡು ದಿನದಲ್ಲಿ ಹಿಡಿದುಬಿಡುತ್ತೆ.

ಪಿಯುಸಿಗೆ ಹೋದ್ಮೇಲೆ ಮಕ್ಕಳು ಎಡವೋದು ಮೋಲ್ ಹತ್ರ. ಡಜನ್ ಅಂದ್ರೆ 12 ಹೇಗೋ ಹಾಗೆ ಮೋಲ್ ಅಂದ್ರೆ ಒಂದು ಎಣಿಕೆ, 6.022ನ್ನ ಹತ್ತರ ಘಾತ 23ರಿಂದ ಗುಣಿಸಿದಷ್ಟು ಕಣ. ಅಷ್ಟನ್ನ ಎಣಿಸೋಕಾಗಲ್ಲ, ತೂಗ್ತೀವಿ. ಕಾಫಿ ಬೀಜನೂ ನಾವು ಎಣಿಸಲ್ವಲ್ಲ, 50 ಕೆಜಿ ಚೀಲದ ಲೆಕ್ಕ. ಆದ್ರೆ ಅರೇಬಿಕಾ, ರೊಬಸ್ಟಾ ಬೀಜದ ಗಾತ್ರ ಬೇರೆ ಬೇರೆ, ಒಂದೇ ತೂಕದ ಚೀಲದಲ್ಲಿ ಬೀಜದ ಲೆಕ್ಕ ಒಂದೇ ಇರಲ್ಲ. ಕಣಗಳೂ ಹಾಗೇ. ಮೈಲುತುತ್ತು ಒಂದು ಮೋಲ್ ಬೇಕಂದ್ರೆ ಸುಮಾರು 250 ಗ್ರಾಂ ತೂಗಬೇಕು (ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್‌ಗೆ 64, ಜೊತೆಗಿರೋ ಐದು ನೀರಿಗೆ 90, ಕೂಡಿ ನೋಡಿ), ಅರಳಿದ ಸುಣ್ಣ (ನೀರು ಹಾಕಿದ ಸುಟ್ಟ ಸುಣ್ಣ) ಆದ್ರೆ 74 ಗ್ರಾಂ ಸಾಕು. ಒಂದು ಕೆಜಿ ಮೈಲುತುತ್ತು ಅಂದ್ರೆ ನಾಲ್ಕು ಮೋಲ್, ಸರಳ ಈಕ್ವೇಶನ್ ಪ್ರಕಾರ ಅದಕ್ಕೆ ನಾಲ್ಕು ಮೋಲ್ ಸುಣ್ಣ, 300 ಗ್ರಾಂ ಕೂಡ ಆಗಲ್ಲ. ಮತ್ತೆ ಒಂದು ಕೆಜಿ ಯಾಕೆ ಹಾಕ್ತೀವಿ? ಸುಣ್ಣ ಶುದ್ಧ ಇರಲ್ಲ, ಇಟ್ಟಷ್ಟೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗ್ತಾ ಹೋಗುತ್ತೆ, ಮೈಲುತುತ್ತಿನ ಹುಳಿ ಒಂಚೂರು ಉಳಿದ್ರೂ ಎಲೆ ಸುಡುತ್ತೆ. ಅದಕ್ಕೇ ಜಾಸ್ತಿ ಹಾಕೋದು, ಅದಕ್ಕೇ ಕತ್ತಿ ಅದ್ದಿ ನೋಡೋದು.

ಕನ್ನಡ ಮೀಡಿಯಂ ಬಗ್ಗೆ ಹೆದರಬೇಡಿ. ಪಿಯುಸಿಲಿ ತೊಂದರೆ ಕೊಡೋದು ವಿಷಯ ಅಲ್ಲ, ಪದ. ಒಂದು ಸಣ್ಣ ನೋಟ್‌ಬುಕ್ ಇಟ್ಟು ಪ್ರಕ್ಷೇಪ ಪಕ್ಕ ಪ್ರೆಸಿಪಿಟೇಟ್, ಉತ್ಕರ್ಷಣ ಪಕ್ಕ ಆಕ್ಸಿಡೇಶನ್ ಅಂತ ಈಗ್ಲಿಂದಾನೇ ಬರೀತಾ ಬರಲಿ. ಮಳೆ ರಜೆ ಸಿಕ್ಕಿದ ದಿನ ಇದಕ್ಕೆ ಚೆನ್ನಾಗಿರುತ್ತೆ. ಎರಡನೇ ಪಾಠ ಆಮ್ಲ, ಪ್ರತ್ಯಾಮ್ಲದ್ದು, ಆಗ ಅಡುಗೆ ಸೋಡಾ ಮೇಲೆ ನಾಲ್ಕು ಹನಿ ಕಾಚಂಪುಳಿ (ನಮ್ಮ ಕಡೆಯ ಹಣ್ಣಿನ ಹುಳಿ ರಸ) ಬಿಟ್ಟು ತೋರಿಸಿ, ಬುಸ್ ಅಂತ ನೊರೆ ಏಳುತ್ತೆ. ಯಾವ ಗ್ಯಾಸ್ ಅದು, ಅದೇ ಅಂತ ಹೆಂಗೆ ಗೊತ್ತು ಅಂತ ಅವಳನ್ನೇ ಕೇಳಿ. ಸುಣ್ಣದ ತಿಳಿನೀರಿಗೆ ಬಿಟ್ಟು ನೋಡ್ತೀನಿ, ಹಾಲಿನ ಹಾಗಾದ್ರೆ ಕಾರ್ಬನ್ ಡೈಆಕ್ಸೈಡ್ ಅಂತ ಪುಸ್ತಕ ನೋಡದೆ ಹೇಳಿದ್ಲು ಅಂದ್ರೆ ಧೈರ್ಯವಾಗಿ ಸೈನ್ಸ್‌ಗೆ ಸೇರಿಸಿ.