ಗ್ಯಾಸ್ ಪೈಪ್‌ಲೈನಿನ ಖರ್ಚು ಯಾರ ತಲೆಗೆ? ಹಡಗು ಬರದಿದ್ದರೆ ಏನು ಗತಿ?

ಪ್ರಶ್ನೆ: ಮನೆಗೆ ಪೈಪಿನಲ್ಲಿ ಗ್ಯಾಸ್ ಬರುತ್ತಿದೆ. ಬಿಲ್‌ನಲ್ಲಿ ಗ್ಯಾಸಿನ ರೇಟು ಇರುತ್ತದೆ, ಪೈಪ್‌ಲೈನಿನ ಲೆಕ್ಕ ಎಲ್ಲೂ ಕಾಣುವುದಿಲ್ಲ. ಅಷ್ಟುದ್ದದ ಪೈಪು ಹಾಕಿದ ದುಡ್ಡು ಯಾರದು? ಅದಕ್ಕೆ ದರ ಗೊತ್ತುಮಾಡುವವರು ಯಾರು? ನಾಳೆ ಹೊರದೇಶದಿಂದ ಗ್ಯಾಸಿನ ಹಡಗು ಬರದೇ ಹೋದರೆ ಈ ವ್ಯವಸ್ಥೆ ನಮ್ಮನ್ನು ಕಾಯುತ್ತದೆಯೇ?

ಉತ್ತರ: ಮೊದಲು ಕಂಪನಿ ಹಾಕುತ್ತದೆ, ಆಮೇಲೆ ನೀವು ತೀರಿಸುತ್ತೀರಿ. ಬಿಲ್‌ನಲ್ಲಿ ಬೇರೆ ಸಾಲಾಗಿ ಕಾಣದಿದ್ದರೂ ಉರಿಸುವ ಪ್ರತಿ ಯೂನಿಟ್ ಗ್ಯಾಸಿನ ಬೆಲೆಯೊಳಗೆ ಸಾಗಣೆ ಶುಲ್ಕ ಸೇರಿಕೊಂಡಿರುತ್ತದೆ. ಆ ಶುಲ್ಕವನ್ನು ಗೊತ್ತುಮಾಡುವುದು ದೆಹಲಿಯಲ್ಲಿರುವ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ಅಂದರೆ ಪಿಎನ್‌ಜಿಆರ್‌ಬಿ. 2006ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. ಇನ್ನು ನಿಮ್ಮ ಮೂರನೆಯ ಪ್ರಶ್ನೆ. ವ್ಯವಸ್ಥೆ ಸ್ವಲ್ಪ ಮಟ್ಟಿಗೆ ಕಾಯುತ್ತದೆ, ದೊಡ್ಡ ಪೆಟ್ಟು ಬಿದ್ದರೆ ಕಾಯಲಾರದು. ಅದಕ್ಕೆ ಕಾರಣ ದುಡ್ಡು ವಸೂಲಾಗುವ ರೀತಿಯಲ್ಲೇ ಇದೆ, ಹಾಗಾಗಿ ಅಲ್ಲಿಂದಲೇ ಶುರುಮಾಡಬೇಕು.

ಬೆಂಗಳೂರಿನ ಒಲೆಯನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದ ದಾಭೋಲ್‌ನಿಂದ ಹೊರಟು ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದುಬರುವ ಸುಮಾರು ಸಾವಿರ ಕಿಲೋಮೀಟರಿನ ಪೈಪ್‌ಲೈನ್ 2013ರಲ್ಲಿ ಚಾಲೂ ಆಯಿತು. ಹಾಕಿದ್ದು ಕೇಂದ್ರ ಸರ್ಕಾರದ ಅನಿಲ ಕಂಪನಿ ಗೇಲ್, ತಗುಲಿದ್ದು ಸುಮಾರು 4,500 ಕೋಟಿ ರೂಪಾಯಿ. ಇಂಥ ಲೈನಿಗೆ ಕಂಪನಿ ಸ್ವಂತ ಬಂಡವಾಳ ಮತ್ತು ಸಾಲ ಸೇರಿಸಿ ಹಣ ಹೊಂದಿಸುತ್ತದೆ. ಮಂಡಳಿ ಆ ಬಂಡವಾಳ, ಕಂಪ್ರೆಸರ್ ಓಡಿಸುವ ಖರ್ಚು, ದುರಸ್ತಿ, ಸಂಬಳ ಎಲ್ಲವನ್ನೂ ಕೂಡಿಸಿ, ತೆರಿಗೆ ಕಳೆದ ಮೇಲೆ ಹೂಡಿಕೆಗೆ ಶೇ 12ರಷ್ಟು ಪ್ರತಿಫಲ ಸಿಗುವಂತೆ ಲೆಕ್ಕ ಹಾಕಿ, ಆ ಮೊತ್ತವನ್ನು ಪೈಪಿನ ಪೂರ್ತಿ ಬಾಳಿಕೆಯ ಮೇಲೆ ಹಂಚುತ್ತದೆ. ಬಂದ ಮೊತ್ತವನ್ನು ಪೈಪಿನಲ್ಲಿ ಹರಿಯುವ ಗ್ಯಾಸಿನ ಪ್ರಮಾಣದಿಂದ ಭಾಗಿಸಿದರೆ ಸಾಗಣೆ ದರ ಸಿಕ್ಕಿತು.

ಈ ಭಾಗಾಕಾರದಲ್ಲೇ ಎಲ್ಲ ಜಗಳ. ಪೈಪು ಅರ್ಧ ಖಾಲಿ ಓಡಿದರೆ ಯಾವ ಸಂಖ್ಯೆಯಿಂದ ಭಾಗಿಸಬೇಕು? ನಿಜವಾಗಿ ಹರಿದಷ್ಟರಿಂದ ಭಾಗಿಸಿದರೆ ದರ ಏರಿ ಗ್ರಾಹಕನಿಗೆ ಹೊರೆ. ಹರಿಯಬೇಕಿದ್ದಷ್ಟರಿಂದ ಭಾಗಿಸಿದರೆ ದರ ಇಳಿದು ಕಂಪನಿಗೆ ನಷ್ಟ. ಮಂಡಳಿ ಎರಡಕ್ಕೂ ನಡುವೆ ಒಂದು ಸಂಖ್ಯೆ ಹಿಡಿಯುತ್ತ ಬಂದಿದೆ, ಅದನ್ನು ಆಗಾಗ ತಿದ್ದಿದೆ ಕೂಡ. ಇದರಿಂದ ಕಂಪನಿಗಳು ಕಲಿತ ಪಾಠ ಸರಳ: ಗಿರಾಕಿ ಗಟ್ಟಿಯಾಗಿದ್ದ ಕಡೆ ಮಾತ್ರ ಪೈಪು ಹಾಕು. ವ್ಯಾಪಾರಕ್ಕೆ ಇದು ಸರಿಯಾದ ಪಾಠ. ಆದರೆ ಆಪತ್ತಿಗೆಂದು ಇಡಬೇಕಾದ ಎರಡನೇ ದಾರಿಗೆ, ವರ್ಷದಲ್ಲಿ ಹತ್ತು ದಿನ ಮಾತ್ರ ಬೇಕಾಗುವ ದಾಸ್ತಾನಿಗೆ ಗಟ್ಟಿ ಗಿರಾಕಿ ಎಲ್ಲಿಂದ ಬರಬೇಕು?

ನಿಮ್ಮ ಮನೆಗೆ ತಗುಲುವ ಮೊತ್ತವನ್ನೂ ನೋಡಿಬಿಡೋಣ. ಮೊದಲು ಒಂದೊಂದು ಪೈಪ್‌ಲೈನಿಗೆ ಒಂದೊಂದು ದರ ಇತ್ತು. ಗ್ಯಾಸ್ ಮೂರು ಪೈಪ್‌ಲೈನ್ ದಾಟಿ ಬಂದರೆ ಮೂರೂ ಕಡೆ ಕಟ್ಟಬೇಕು. ಹಡಗಿನ ಗ್ಯಾಸ್ ಇಳಿಸಿಕೊಳ್ಳುವ ಪಶ್ಚಿಮ ಕರಾವಳಿಯ ಟರ್ಮಿನಲ್‌ಗಳಿಂದ ದೂರವಿದ್ದಷ್ಟೂ ಗ್ಯಾಸ್ ದುಬಾರಿ. 2023ರ ಏಪ್ರಿಲ್ 1ರಿಂದ ಏಕೀಕೃತ ದರ ಬಂತು. ಪರಸ್ಪರ ಕೂಡಿಕೊಂಡ ಪೈಪ್‌ಲೈನ್‌ಗಳನ್ನೆಲ್ಲ ಒಂದೇ ಗ್ರಿಡ್ ಎಂದು ಎಣಿಸಿ, ದೂರಕ್ಕೆ ತಕ್ಕಂತೆ ಮೂರು ವಲಯ ಮಾಡಿದರು. 2026ರ ಜನವರಿಯಿಂದ ಮೂರು ಹೋಗಿ ಎರಡಾಯಿತು. ಸಿಎನ್‌ಜಿಗೂ ಮನೆಬಳಕೆಯ ಗ್ಯಾಸಿಗೂ ದೇಶದ ಯಾವ ಮೂಲೆಯಲ್ಲಿದ್ದರೂ ಮೊದಲ ವಲಯದ ದರ, ಅಂದರೆ ಒಂದು ಎಂಎಂಬಿಟಿಯುಗೆ 54 ರೂಪಾಯಿ. ಒಂದು ಎಂಎಂಬಿಟಿಯು ಅಂದರೆ ಹೆಚ್ಚುಕಡಿಮೆ 27 ಘನ ಮೀಟರ್. ತಿಂಗಳಿಗೆ 15 ಘನ ಮೀಟರ್ ಉರಿಸುವ ಮನೆಯ ಬಿಲ್‌ನಲ್ಲಿ ಈ ದೊಡ್ಡ ಪೈಪ್‌ಲೈನಿನ ಪಾಲು 30 ರೂಪಾಯಿಯ ಆಸುಪಾಸು. ದೂರದ ಬಿಹಾರಕ್ಕೂ ಗುಜರಾತಿಗೂ ಒಲೆಯ ಮಟ್ಟಿಗೆ ಒಂದೇ ಸಾಗಣೆ ದರ ಬಂದದ್ದು ನನ್ನ ಪ್ರಕಾರ ಮಂಡಳಿ ಮಾಡಿದ ಅತ್ಯುತ್ತಮ ಕೆಲಸ.

ಊರೊಳಗಿನ ಹಳದಿ ಪೈಪಿನ ಕಥೆ ಬೇರೆ. ಅದನ್ನು ನಗರ ಅನಿಲ ವಿತರಣೆಯ ಕಂಪನಿ ಹಾಕುತ್ತದೆ. ಹರಾಜಿನಲ್ಲಿ ಗೆದ್ದ ಪ್ರದೇಶದಲ್ಲಿ ಪೈಪು ಹಾಕುವ ಹಕ್ಕು 25 ವರ್ಷ ಅದಕ್ಕೊಂದಕ್ಕೇ ಇರುತ್ತದೆ. ಅಲ್ಲಿ ಅದು ಗ್ರಾಹಕನಿಗೆ ಮಾರುವ ಬೆಲೆಯ ಮೇಲೆ ಮಂಡಳಿಗೆ ಅಧಿಕಾರವಿಲ್ಲ. ದೆಹಲಿಯ ಇಂದ್ರಪ್ರಸ್ಥ ಗ್ಯಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹಾಗೆಂದು ತೀರ್ಪು ಕೊಟ್ಟಿತು. ದೊಡ್ಡ ಪೈಪಿನ ದರ ಇಳಿದಾಗ ಅದರ ಲಾಭ ನಿಮ್ಮ ಬಿಲ್‌ವರೆಗೆ ಪೂರ್ತಿ ಇಳಿದು ಬರುತ್ತದೆ ಎಂಬ ಖಾತರಿ ಇಲ್ಲದಿರುವುದು ಈ ಕಾರಣಕ್ಕೇ.

ಈಗ ಭದ್ರತೆಯ ಮಾತು. ಗ್ಯಾಸ್ ಇದ್ದರೆ ಸಾಲದು, ಅದು ಬೇಕಾದ ಕಡೆಗೆ ತಲುಪಬೇಕು. ಕೊಚ್ಚಿ–ಮಂಗಳೂರು ಪೈಪ್‌ಲೈನ್ ಇದನ್ನು ನಮಗೆ ಚೆನ್ನಾಗಿ ಕಲಿಸಿತು. ಕೊಚ್ಚಿಯ ಎಲ್‌ಎನ್‌ಜಿ (ಹಡಗಿನಲ್ಲಿ ತರಲು ದ್ರವವಾಗಿಸಿದ ಗ್ಯಾಸ್) ಟರ್ಮಿನಲ್ 2013ರಲ್ಲೇ ಸಿದ್ಧ, ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯ. ಆದರೆ ಬಂದ ಗ್ಯಾಸನ್ನು ಒಯ್ಯಲು ಪೈಪೇ ಇರಲಿಲ್ಲ. ವರ್ಷಗಟ್ಟಲೆ ಟರ್ಮಿನಲ್ ಸಾಮರ್ಥ್ಯದ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿ ತೆವಳಿತು. ಅದೇ ಹೊತ್ತಿಗೆ ಮಂಗಳೂರು ಬಳಿಯ ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆ ಕಚ್ಚಾತೈಲದಿಂದ ತೆಗೆಯುವ ದುಬಾರಿ ನಾಫ್ತಾ ಬಳಸಿ ಯೂರಿಯಾ ತಯಾರಿಸುತ್ತಿತ್ತು. ಆ ಹೆಚ್ಚುವರಿ ಖರ್ಚನ್ನು ಕೇಂದ್ರ ಸರ್ಕಾರ ಗೊಬ್ಬರದ ಸಬ್ಸಿಡಿಯಾಗಿ ತುಂಬುತ್ತಿತ್ತು. ಇಲ್ಲದ ಪೈಪಿಗೂ ನಾವು ದುಡ್ಡು ಕೊಡುತ್ತಿದ್ದೆವು, ಬೇರೆ ಖಾತೆಯಿಂದ.

ಪೈಪು ತಡವಾದದ್ದು ದುಡ್ಡಿಲ್ಲದೆ ಅಲ್ಲ. ಜಮೀನಿನ ಪ್ರಶ್ನೆ ಅದು. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಜಮೀನು ರೈತನದ್ದಾಗಿಯೇ ಉಳಿಯುತ್ತದೆ, ಕಂಪನಿಗೆ ಬಳಕೆಯ ಹಕ್ಕು ಮಾತ್ರ. ಅದಕ್ಕೆ ಸಿಗುವ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ಬೆಳೆ, ಮರ ಹಾಳಾದರೆ ಅದಕ್ಕೆ ಬೇರೆ. ಪೈಪು ಮುಚ್ಚಿದ ಮೇಲೆ ಆ ಪಟ್ಟಿಯಲ್ಲಿ ರಾಗಿ, ಜೋಳ ಬಿತ್ತಬಹುದು. ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಹತ್ತು ಗುಂಟೆ ತೆಂಗಿನ ತೋಟವೇ ಆಸ್ತಿಯಾದ ಮಲಬಾರಿನ ಕುಟುಂಬಕ್ಕೆ ಈ ಷರತ್ತು ಏನು ಮಾಡುತ್ತದೆ ಯೋಚಿಸಿ. ಕೇರಳದಲ್ಲಿ ವಿರೋಧ ಎದ್ದಿತು. ತಮಿಳುನಾಡಿನ ಕೊಂಗು ಸೀಮೆಯಲ್ಲಿ ಸರ್ಕಾರವೇ ರೈತರ ಪರ ನಿಂತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2016ರಲ್ಲಿ ಗೇಲ್ ಪರ ತೀರ್ಪಾಯಿತು. ಕೊನೆಗೆ ಕಾಸರಗೋಡಿನ ಚಂದ್ರಗಿರಿ ಹೊಳೆಯಡಿ ಪೈಪು ದಾಟಿಸುವುದೇ ದೊಡ್ಡ ಸಾಹಸವಾಯಿತು. 450 ಕಿಲೋಮೀಟರಿನ, ಸುಮಾರು 3,000 ಕೋಟಿಯ ಲೈನ್ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಶೇ 10ರ ಪರಿಹಾರ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಮೊದಲೇ ಕೈ ಬಿಚ್ಚಿ ಕೊಟ್ಟಿದ್ದರೆ ದರಕ್ಕೆ ಸೇರುತ್ತಿದ್ದುದು ಪೈಸೆಗಳು. ವರ್ಷಗಳ ವಿಳಂಬ ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾಯಿತು.

ದಾಭೋಲ್ ಇನ್ನೊಂದು ಪಾಠ. ಅಲೆತಡೆ ಗೋಡೆ ಪೂರ್ತಿಯಾಗದೆ ಅಲ್ಲಿನ ಟರ್ಮಿನಲ್ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗು ಬರಮಾಡಿಕೊಳ್ಳುತ್ತಿರಲಿಲ್ಲ. ಆದರೂ ಕರ್ನಾಟಕದ ಕಡೆಗಿನ ಪೈಪು ಬತ್ತಲಿಲ್ಲ, ಯಾಕೆಂದರೆ ಗುಜರಾತಿನ ದಹೇಜ್‌ನಿಂದ ಪನ್ವೇಲ್ ಮೂಲಕ ದಾಭೋಲ್‌ವರೆಗೆ ಇನ್ನೊಂದು ಪೈಪು ಕೂಡಿಕೊಂಡಿದೆ. ಹೀಗೆ ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ಕಡೆಯಿಂದ ಹರಿಯುವ ಕೊಂಡಿಗಳೇ ಗ್ರಿಡ್‌ನ ಜೀವ.

ಗಿರಾಕಿ ಗಟ್ಟಿಯಿಲ್ಲದ ಕಡೆ ಸರ್ಕಾರ ನೇರವಾಗಿ ಕೈಹಾಕಿದ್ದೂ ಇದೆ. ಜಗದೀಶಪುರ–ಹಲ್ದಿಯಾ–ಬೊಕಾರೊ–ಧಾಮ್ರಾ ಲೈನಿಗೆ 2016ರಲ್ಲಿ 12,940 ಕೋಟಿಯ ಶೇ 40, ಅಂದರೆ 5,176 ಕೋಟಿ ಅನುದಾನ ಕೊಟ್ಟರು. ಈಶಾನ್ಯ ರಾಜ್ಯಗಳ ಗ್ರಿಡ್‌ಗೆ 2020ರಲ್ಲಿ 9,265 ಕೋಟಿಯ ಶೇ 60. ಅನುದಾನದ ಹಣಕ್ಕೆ ಪ್ರತಿಫಲ ಕಟ್ಟಬೇಕಿಲ್ಲವಾದ್ದರಿಂದ ಅಲ್ಲಿ ದರ ತಾಳುವ ಮಟ್ಟದಲ್ಲಿರುತ್ತದೆ. ಮನಸ್ಸಿದ್ದರೆ ದಾರಿ ಇದೆ ಎನ್ನಲು ಇಷ್ಟು ಸಾಕು.

ಇನ್ನು ಹಡಗು ಬಾರದ ದಿನ. ಅದು ಬರೀ ಊಹೆಯಲ್ಲ, 2022ರಲ್ಲಿ ನಡೆದುಹೋಗಿದೆ. ಗೇಲ್‌ಗೆ ರಷ್ಯಾದ ಗ್ಯಾಜ್‌ಪ್ರಾಮ್‌ನ ಅಂಗಸಂಸ್ಥೆಯೊಂದರ ಜತೆ 20 ವರ್ಷದ ಎಲ್‌ಎನ್‌ಜಿ ಒಪ್ಪಂದ ಇತ್ತು. ಉಕ್ರೇನ್ ಯುದ್ಧದ ನಂತರ ಆ ಅಂಗಸಂಸ್ಥೆ ಜರ್ಮನಿಯ ಸುಪರ್ದಿಗೆ ಹೋಯಿತು, ಸರಕು ನಿಂತಿತು. ಗೇಲ್ ಗೊಬ್ಬರ ಕಾರ್ಖಾನೆಗಳಿಗೂ ಇತರ ಉದ್ಯಮಗಳಿಗೂ ಪೂರೈಕೆ ಕಡಿತ ಮಾಡಿತು, ಉತ್ತರಪ್ರದೇಶದ ಪಾತಾದಲ್ಲಿರುವ ತನ್ನದೇ ಪೆಟ್ರೋಕೆಮಿಕಲ್ ಘಟಕವನ್ನೂ ತಗ್ಗಿಸಿತು. ಮನೆಗಳ ಒಲೆ ಆರಲಿಲ್ಲ, ಯಾಕೆಂದರೆ ದೇಶದೊಳಗೆ ಸಿಗುವ ಅಗ್ಗದ ಗ್ಯಾಸಿನ ಹಂಚಿಕೆಯಲ್ಲಿ ಮನೆಬಳಕೆಗೂ ಸಿಎನ್‌ಜಿಗೂ ಮೊದಲ ಸ್ಥಾನ. ದಾವೆ ಹೂಡಿದ್ದಕ್ಕೆ 2025ರ ಜನವರಿಯಲ್ಲಿ 28.5 ಕೋಟಿ ಡಾಲರ್ ಪರಿಹಾರದ ರಾಜಿಯಾಯಿತು. ಹಣ ಬಂತು, ಸರಿ. ಆದರೆ ಕೊರತೆಯ ತಿಂಗಳುಗಳಲ್ಲಿ ಕಾರ್ಖಾನೆಗೆ ಬೇಕಿದ್ದದ್ದು ಗ್ಯಾಸ್.

ನಾವು ಬಳಸುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಹಡಗಿನಲ್ಲಿ ಬರುತ್ತದೆ. ಅದರಲ್ಲಿ ಕತಾರಿನದು ದೊಡ್ಡ ಪಾಲು, ಅದೆಲ್ಲ ಹೊರ್ಮುಜ್ ಜಲಸಂಧಿಯ ಇಕ್ಕಟ್ಟಿನಿಂದಲೇ ಹೊರಬರಬೇಕು. ಕಚ್ಚಾತೈಲಕ್ಕಾದರೆ ಇಂಥ ದಿನಕ್ಕೆಂದೇ ಉಡುಪಿ ಜಿಲ್ಲೆಯ ಪಾದೂರಿನಲ್ಲಿ, ಮಂಗಳೂರಿನಲ್ಲಿ, ವಿಶಾಖಪಟ್ಟಣದಲ್ಲಿ ಬಂಡೆ ಕೊರೆದು ಒಟ್ಟು 53.3 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ಮಾಡಿಕೊಂಡಿದ್ದೇವೆ. ನೈಸರ್ಗಿಕ ಅನಿಲಕ್ಕೆ ಅಂಥ ವ್ಯೂಹಾತ್ಮಕ ದಾಸ್ತಾನು ಕಟ್ಟಿಕೊಂಡಿಲ್ಲ. ಇರುವುದು ಟರ್ಮಿನಲ್‌ಗಳ ಟ್ಯಾಂಕು, ಮತ್ತೆ ಪೈಪಿನೊಳಗೇ ಒತ್ತಡದಲ್ಲಿ ತುಂಬಿಕೊಂಡಿರುವ ಗ್ಯಾಸ್. ಲೈನ್‌ಪ್ಯಾಕ್ ಎನ್ನುವ ಈ ಎರಡನೆಯದು ಗಂಟೆಗಳ ಏರುಪೇರಿಗೆ ಒದಗುತ್ತದೆ, ವಾರಗಳಿಗೆ ಸಾಲದು.

ಯಾಕಿಲ್ಲ ಎಂದರೆ, ಅದರ ಖರ್ಚು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಸಾಗಣೆ ದರ ಮಂಡಳಿಯದು, ದೇಶೀ ಗ್ಯಾಸಿನ ಬೆಲೆ ಮತ್ತು ಹಂಚಿಕೆ ಕೇಂದ್ರ ಸರ್ಕಾರದ್ದು, ಆಮದು ಒಪ್ಪಂದ ಕಂಪನಿಗಳದು, ತೆರಿಗೆ ರಾಜ್ಯಗಳದು. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಗೆ ಬಂದಿಲ್ಲ. ದೇಶದ ಎಲ್ಲ ಭಾಗಕ್ಕೂ ಅಡೆತಡೆಯಿಲ್ಲದ, ಸಾಕಷ್ಟು ಪೂರೈಕೆ ಆಗಬೇಕು ಎಂದು 2006ರ ಕಾಯ್ದೆಯ ಪೀಠಿಕೆಯಲ್ಲೇ ಬರೆದಿದೆ. ದರದ ಸೂತ್ರದಲ್ಲಿ ಮಾತ್ರ ಅದಕ್ಕೆಂದು ಒಂದು ಬಾಬ್ತೂ ಇಲ್ಲ. ಜರ್ಮನಿ 2022ರ ಅಕ್ಟೋಬರಿನಲ್ಲಿ ಗ್ಯಾಸ್ ಬಳಸುವವರ ಮೇಲೆ ದಾಸ್ತಾನು ಶುಲ್ಕ ಹಾಕಿತು. ಆ ಬೇಸಿಗೆಯಲ್ಲಿ ಗಾಬರಿಯಿಂದ ಅತಿ ದುಬಾರಿ ದರಕ್ಕೆ ಕೊಂಡು ತುಂಬಿದ್ದರಿಂದ ಅದರ ನಷ್ಟವನ್ನು ವರ್ಷಗಟ್ಟಲೆ ತೀರಿಸಬೇಕಾಯಿತು. ಕಷ್ಟ ಬಂದ ಮೇಲೆ ಕೊಂಡರೆ ಹಾಗೇ.

ಸಮಾಧಾನದ ದಿನಗಳಲ್ಲೇ ಸಣ್ಣ ಮೊತ್ತ ತೆಗೆದಿಡುವುದು ಒಳ್ಳೆಯದೆಂದು ನನ್ನ ಬಲವಾದ ನಂಬಿಕೆ. ಅಂದಾಜು ಲೆಕ್ಕ ಹೀಗಿದೆ: ದೇಶ ದಿನಕ್ಕೆ ಸುಮಾರು 19 ಕೋಟಿ ಘನ ಮೀಟರ್ ಗ್ಯಾಸ್ ಬಳಸುತ್ತದೆ, ಅಂದರೆ 70 ಲಕ್ಷ ಎಂಎಂಬಿಟಿಯು. ಒಂದಕ್ಕೆ 5 ರೂಪಾಯಿ ಇಟ್ಟರೆ ವರ್ಷಕ್ಕೆ 1,250 ಕೋಟಿಗೂ ಮೇಲೆ ಕೂಡುತ್ತದೆ. ನಿಮ್ಮ ಮನೆಗೆ ತಿಂಗಳಿಗೆ ಮೂರು ರೂಪಾಯಿಗೆ ಒಳಗೆ. ಕಾರ್ಖಾನೆಗಳ ತಕರಾರು ಇದ್ದೇ ಇರುತ್ತದೆ, ಅದರಲ್ಲಿ ಹುರುಳೂ ಇದೆ: ಗುಜರಾತಿನ ಮೊರ್ಬಿಯ ಟೈಲ್ಸ್ ಘಟಕಗಳು ಗ್ಯಾಸ್ ದುಬಾರಿಯಾದಾಗಲೆಲ್ಲ ಪ್ರೊಪೇನ್‌ಗೆ ಹಾರುತ್ತವೆ, ಹಾರಿದಷ್ಟೂ ಉಳಿದವರ ಮೇಲೆ ಪೈಪಿನ ಭಾರ. ಹಾಗಾಗಿ ಶುಲ್ಕ ಹಗುರವಿರಬೇಕು, ಹಣ ಬೇರೆ ಖಾತೆಯಲ್ಲಿರಬೇಕು, ದಾಸ್ತಾನು ಎಷ್ಟು ದಿನದ್ದು ಎಂಬುದನ್ನು ಮಂಡಳಿ ಬಹಿರಂಗವಾಗಿ ಹೇಳಬೇಕು.

ದುರಸ್ತಿಯ ಖರ್ಚಿಗೂ ಕತ್ತರಿ ಬೀಳಬಾರದು. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಗೇಲ್ ಪೈಪು ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ತುಕ್ಕು ತಿಂದ ಪೈಪು ಅದು. ದರ ಇಳಿಸುವ ಉತ್ಸಾಹದಲ್ಲಿ ಪೈಪಿನೊಳಗೆ ಪಿಗ್ ಎಂಬ ತಪಾಸಣೆಯ ಯಂತ್ರ ಓಡಿಸಿ ಗೋಡೆಯ ದಪ್ಪ ಅಳೆಯುವ ಕೆಲಸ ಮುಂದೂಡಿದರೆ, ಆ ಪೈಪಿನ ಮೇಲೆ ಬದುಕುವ ಊರುಗಳೇ ಬೆಲೆ ತೆರಬೇಕಾಗುತ್ತದೆ.

ನೀವು ಕೇಳಬಹುದಾದ ಜಾಗವೂ ಇದೆ. ದರದ ನಿಯಮ ತಿದ್ದುವ ಮೊದಲು ಮಂಡಳಿ ಕರಡನ್ನು ತನ್ನ ಜಾಲತಾಣದಲ್ಲಿ ಹಾಕಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಪೈಪ್‌ಲೈನ್ ಕಂಪನಿಗಳು, ದೊಡ್ಡ ಗಿರಾಕಿಗಳು ತಪ್ಪದೆ ಬರೆಯುತ್ತಾರೆ. ಮನೆಬಳಕೆದಾರರು, ಜಮೀನು ಕೊಟ್ಟ ರೈತರು ಬರೆಯಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಕರಡು ಬಂದಾಗ ಎರಡು ಪ್ರಶ್ನೆ ಕೇಳಿ: ಆಮದು ನಿಂತರೆ ಈ ಗ್ರಿಡ್ ಎಷ್ಟು ದಿನ ನಡೆಯುತ್ತದೆ, ಆ ದಿನಗಳ ಖರ್ಚನ್ನು ಯಾವ ಬಾಬ್ತಿನಲ್ಲಿ ತೋರಿಸಿದ್ದೀರಿ?